ಭಟ್ಟಿಯ ಮುಂದೆ ಹಾಡಿದ ಮಂಗಳ

ಕಾರವಾರದ ಪೇಟೆಯಲ್ಲಿ ಈಚೆಗೆ ನನಗೆ ಯಾರೂ ನಮಸ್ಕಾರ ಹೇಳುವುದಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: “ಏನು ಪಂಡಿತರೇ, ಮಂಗಳ ಆಯ್ತೋ?”

ಅಂಚೆಯವನು ಕೇಳುತ್ತಾನೆ. ಬಸಳೆ ಮಾರುವ ಮುದುಕಿ ಕೇಳುತ್ತಾಳೆ. ಅಂಕೋಲೆಗೆ ಹೋಗುವ ಸರ್ವಿಸ್ ಮೋಟಾರಿನ ಡ್ರೈವರನಂತೂ ಹಾರ್ನ್ ಒತ್ತಿ, ಗಾಡಿ ನಿಧಾನಿಸಿ, ತಲೆಯನ್ನು ಹೊರಗೆ ಹಾಕಿ ಕೇಳುತ್ತಾನೆ. ಸಂಸ್ಕೃತ ಕಲಿಸಿ, ಪುರಾಣ ಹೇಳಿ, ತಲೆ ನರೆತ ಮೇಲೆ ಈ ಊರಿನಲ್ಲಿ ನನಗೆ ದೊರೆತ ಕೀರ್ತಿ ಇದು. (ಯಾರಿಗಾದರೂ ಬೇಕಿದ್ದರೆ ಸಂತೋಷದಿಂದ ಬಿಟ್ಟುಕೊಡುತ್ತೇನೆ.)

ಪೇಟೆಯಲ್ಲಿ ಹಬ್ಬಿರುವುದು ಕಥೆಯ ಅರ್ಧ ಮಾತ್ರ. ಅದೂ ನನಗೆ ಪ್ರತಿಕೂಲವಾದ ಅರ್ಧ. ಉಳಿದ ಅರ್ಧವನ್ನೂ ಸೇರಿಸಿ ವಾಚಕ ಮಹಾಶಯರ ಮುಂದೆ ಇಡುವುದು ನನ್ನ ಧರ್ಮ. ತೀರ್ಪು ನಿಮ್ಮದು.

ಹಟ್ಟಿಕೇರಿಯ ಬೀರಣ್ಣ ನನ್ನ ಹಳೆಯ ವಿದ್ಯಾರ್ಥಿ. ವಿಭಕ್ತಿ ಪ್ರತ್ಯಯಗಳೊಡನೆ ಅವನಿಗೆ ಎಂದೂ ಸ್ನೇಹ ಬೆಳೆಯಲಿಲ್ಲ, ಮಣ್ಣಿನೊಡನೆ ಬೆಳೆಯಿತು. ದಕ್ಷಿಣದ ಹಂಚಿನ ಕಾರಖಾನೆಯೊಂದರಲ್ಲಿ ಕೆಲವು ಕಾಲ ದುಡಿದು ಊರಿಗೆ ಮರಳಿದವನು, ತಂದೆಯ ಗದ್ದೆಯ ಅಂಚಿನ ಜೇಡಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕಿ ನೋಡಿ, ಅಲ್ಲಿಯೇ ನಿರ್ಧಾರ ಮಾಡಿದನಂತೆ. ನಮ್ಮ ಕಡೆ ಬಡವರ ಮನೆಗೆ ತೆಂಗಿನ ಮಡಲಿನ ಹೊದಿಕೆ. ಉಳ್ಳವರ ಮನೆಗೆ ದಕ್ಷಿಣದಿಂದ ಹಡಗಿನಲ್ಲಿ ಬರುವ ಹಂಚು. “ಉಡೂಕೆ ನಮ್ಮ ಖಾದಿ, ಉಣ್ಣೂಕೆ ನಮ್ಮ ಉಪ್ಪು ಅಂತ ಊರೆಲ್ಲ ಕೂಗಿದ್ದೇ ಕೂಗಿದ್ದು. ಮನೆ ಮೇಲೆ ಮಾತ್ರ ಪರವೂರಿನ ಹಂಚಾ ಮಾಸ್ತರ್ರೇ?” ಎಂದು ನನ್ನನ್ನು ಕೇಳಿದ್ದ. ನನ್ನ ಮನೆಯ ಮೇಲೂ ಅದೇ ಹಂಚು ಇದ್ದುದರಿಂದ ನಾನು ಆಕಾಶದ ಕಡೆ ನೋಡಿದೆ.

ಹೀಗೆ ಹಟ್ಟಿಕೇರಿಯಲ್ಲಿ ಹಂಚಿನ ಬಿಸಿನೆಸ್ ಆರಂಭವಾಯಿತು. ಗಂಡ ಹೆಂಡತಿ ಇಬ್ಬರೂ ಮಣ್ಣು ತುಳಿದರು. ಹಂಚು ತಟ್ಟಿ ಒಣಗಿಸಿದರು. ಆರು ಬಾಯಿಗಳ ಭಟ್ಟಿ ಕಟ್ಟಿದರು. ಸುಕ್ರು ಎಂಬವನನ್ನು ಮುಖ್ಯಸ್ಥನನ್ನಾಗಿ ಮಾಡಿ ಬೆಂಕಿಯ ಆಳುಗಳನ್ನು ನೇಮಿಸಿದರು. ಹಂಚಿನ ಭಟ್ಟಿ ಎಂಬುದು ಹಟಮಾರಿ ಶಿಶುವಿನಂತೆ. ಹಗಲಿರುಳೂ ಒಂದೇ ಹದದಲ್ಲಿ ಉಣಿಸುತ್ತಲೇ ಇರಬೇಕು. ಮೊದಲ ಸಲ ಬೆಂಕಿಯ ಆಳುಗಳು ತೂಕಡಿಸಿದರು. ಹಂಚು ಹಸಿಯಾಗಿ ಉಳಿಯಿತು. ಒಂದು ಕೊಡ ನೀರು ಹೊಯ್ದರೆ ಬೆಲ್ಲದಂತೆ ಕರಗಿತು.

ಆಗ ಮುಂಬಯಿಯಿಂದ ಬಂದಿದ್ದ ನೆಂಟನೊಬ್ಬ ಉಪದೇಶ ಮಾಡಿದ: “ಮಿಲ್ಲುಗಳಲ್ಲಿ ಏನು ಉತ್ಸಾಹ! ನಿನ್ನ ಆಳುಗಳಿಗೂ ಉತ್ಸಾಹ ಬೇಕು. ಗ್ರಾಮೋಫೋನು ಇಡು.” ಬೀರಣ್ಣ ಇಟ್ಟ. ಎರಡನೆಯ ಸಲ ಭಟ್ಟಿಯ ಪಕ್ಕದಲ್ಲಿ ನಾಟಕದ ರಣಗೀತೆಗಳು ಮೊಳಗಿದವು. ನಿದ್ದೆಯೇನೋ ಹಾರಿತು. ಆದರೆ ಆಳುಗಳು ಹಾಡಿನ ವೇಗಕ್ಕೆ ಸರಿಯಾಗಿ ಕಟ್ಟಿಗೆ ಎಸೆಯತೊಡಗಿದರು! ಯುದ್ಧ ತೀವ್ರವಾದಂತೆ ಬೆಂಕಿಯೂ ತೀವ್ರವಾಯಿತು. ಭಟ್ಟಿ ತೆರೆದಾಗ ಹಂಚುಗಳು ಹಪ್ಪಳದಂತೆ ಸೊಟ್ಟಗಾಗಿ, ಒಂದರ ಮೈಗೆ ಒಂದು ಅಂಟಿಕೊಂಡು ಕುಳಿತಿದ್ದವು.

ಸಂಗೀತ ಬೇಕು ಎಂದವನು ತಪ್ಪು ಹೇಳಲಿಲ್ಲ. ಯಾವ ಸಂಗೀತ ಎಂದು ಯೋಚಿಸದೆ ಹೇಳಿದ. ಯುದ್ಧಕ್ಕೆ ಹೊರಡುವವನಿಗೂ ಮಗುವನ್ನು ತೂಗುವವಳಿಗೂ ಒಂದೇ ಹಾಡು ಸಾಕೆ?

ಅದೇ ನೆಂಟ ಬೀರಣ್ಣನಿಗೆ ಮುಂಬಯಿಯ ಮಿಲ್ಲಿನಲ್ಲಿ ಕೆಲಸ ಗೊತ್ತುಮಾಡಿದ್ದ. ಮಳೆಗಾಲಕ್ಕೆ ಮುಂಚಿನ ಕೊನೆಯ ಆಗಬೋಟು, ಮುಂಬಯಿಗೆ ಹೋಗುವ ಉಗಿಹಡಗು, ಕಾರವಾರ ಬಿಡುವುದರೊಳಗೆ ಇನ್ನೊಂದೇ ಭಟ್ಟಿ ಸುಡಲು ಸಮಯವಿತ್ತು. ಅದು ಬೆಂದರೆ ಹಟ್ಟಿಕೇರಿ. ಕೆಟ್ಟರೆ ಮುಂಬಯಿ. ಅವನ ಹೆಂಡತಿ ದೇವಮ್ಮ ಪ್ರಯಾಣದ ಗಂಟನ್ನು ಕಟ್ಟಿ ಜಗಲಿಯ ಮೇಲೆ, ಗಂಡನ ಕಣ್ಣಿಗೆ ಬೀಳುವಂತೆ ಇಟ್ಟಳು. (ಅದಕ್ಕಿಂತ ದೊಡ್ಡ ಭಾಷಣವನ್ನು ನಾನು ಯಾವ ಸಭೆಯಲ್ಲಿಯೂ ಕೇಳಿಲ್ಲ.)

ಈ ಸಂಕಟವನ್ನು ಹೇಳಿಕೊಳ್ಳಲು ಅವನು ಕಾರವಾರಕ್ಕೆ ಬಂದಾಗ ನಮ್ಮ ದೇವಸ್ಥಾನದಲ್ಲಿ ಭಜನಾ ಸಪ್ತಾಹ ನಡೆಯುತ್ತಿತ್ತು. ನಮ್ಮ ಊರಿನ ಸಪ್ತಾಹವನ್ನು ಬಲ್ಲವರು ಬಲ್ಲರು. ಒಮ್ಮೆ ದೀಪ ಹಚ್ಚಿ ತಾಳ ಹಿಡಿದರೆ ವಾರ ತುಂಬುವವರೆಗೆ ನಾಮಸ್ಮರಣೆ ಒಂದು ಕ್ಷಣವೂ ನಿಲ್ಲಬಾರದು. ಪಹರೆಯ ಮೇಲೆ ಪಹರೆಯಂತೆ ಜನರು ಸರದಿಯಲ್ಲಿ ಬರುತ್ತಾರೆ. ಹಳಬರು ಏಳುವ ಮುಂಚೆ ಹೊಸಬರು ಕುಳಿತು, ನುಡಿಯುತ್ತಿರುವ ತಾಳವನ್ನು ಕೈಯಿಂದ ಕೈಗೆ ತೆಗೆದುಕೊಳ್ಳಬೇಕು. ತಾಳ ನೆಲ ಮುಟ್ಟಬಾರದು. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಒಂದೇ ಒಂದು ಸಲ ಮಂಗಳ.

ಬೀರಣ್ಣ ಕಂಬಕ್ಕೆ ಒರಗಿ ಕುಳಿತು ನೋಡುತ್ತಿದ್ದವನು ನನ್ನ ಕಿವಿಯಲ್ಲಿ ಹೇಳಿದ: “ಮಾಸ್ತರ್ರೇ, ನಾ ಸಂಬಳ ಕೊಟ್ಟು ಇಟ್ಕಂಡವ್ರು ಬೆಂಕಿ ಮುಂದೆ ನಿದ್ದೆ ಹೊಡೀತ್ರು. ಇಲ್ಲಿ ಕಾಸಿಲ್ದೆ ಬಂದವ್ರು ವಾರಗಟ್ಲೆ ಎಚ್ರ ಇರ್ತ್ರು. ಇದೆಂತಾ ಲೆಕ್ಕ ಮಾರಾಯ್ರೆ?”

ಉತ್ತರವೂ ಅವನ ಬಳಿಯೇ ಇತ್ತು. ಕೊಂಕಣಿ ಭಜನಾ ಮಂಡಳಿಯ ಮುಖ್ಯರಾದ ಪಾಂಡು ಮಾಮನವರು ಹೊರಗೆ ಬಂದೊಡನೆ ಕಾಲಿಗೆ ಬಿದ್ದು, ಮಂಡಳಿಯನ್ನು ಹಟ್ಟಿಕೇರಿಗೆ ಕರೆದ. ಪೇಟೆಯಲ್ಲಿ ಬಟ್ಟೆಯ ಅಂಗಡಿ ಇಟ್ಟಿರುವ ಪಾಂಡು ಮಾಮನವರ ಕಂಠ ದೊಡ್ಡದು, ಕೋಪ ಅದಕ್ಕಿಂತ ದೊಡ್ಡದು.

“ಅರೇ ಬಾಬಾ! ನಮ್ಮ ಭಜನೆ ದೇವರ ಮುಂದೆ ಮಾಡೋದು. ನಿನ್ನ ಭಟ್ಟಿ ಮುಂದೆ ಕೂತು ಹಂಚಿಗೆ ಭಜನೆ ಕೇಳಿಸೋದೇ?”

ನಾನು ಮಧ್ಯೆ ಬಾಯಿ ಹಾಕಿದೆ. ಅಗ್ನಿ ದೇವರಲ್ಲವೇ? ನಾವು ಕೊಟ್ಟದ್ದನ್ನು ದೇವತೆಗಳು ಸ್ವೀಕರಿಸುವುದು ಅವನ ಮುಖದಿಂದಲ್ಲವೇ? ಒಬ್ಬ ಗೃಹಸ್ಥನು ತನ್ನ ಊರಿನಲ್ಲಿಯೇ ಧರ್ಮದಿಂದ ಬದುಕಲು ಹಚ್ಚುವ ಬೆಂಕಿ ಹೋಮಕ್ಕಿಂತ ಎಷ್ಟು ಕಡಿಮೆ? ಪಾಂಡು ಮಾಮನವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಪಂಡಿತರು ಇಷ್ಟು ಹೇಳಿದ ಮೇಲೆ ಬರ್ತೇವೆ. ಆದರೆ ಪಂಡಿತರೂ ಬರಬೇಕು. ತಾಳ ಹಿಡಿದು ಒಂದು ಪಹರೆ ಕೂರಬೇಕು!”

ಹೀಗೆ ನಾನು ಸಿಕ್ಕಿಬಿದ್ದೆ. ಮನೆಯಲ್ಲಿ ಪಂಚೆ ಮಡಿಸುತ್ತಿದ್ದಾಗ ನಮ್ಮ ಮನೆಯವರು ಎಚ್ಚರಿಸಿದರು: “ಅವರ ಪದ್ಧತಿ ಬೇರೆ, ನಿಮ್ಮ ಪದ್ಧತಿ ಬೇರೆ. ಸುಮ್ಮನೆ ಹೋಗಿ, ಸುಮ್ಮನೆ ಬನ್ನಿ.” ಇಂಥ ಮಾತುಗಳ ಅರ್ಥ ಪುರುಷರಿಗೆ ಆಗುವುದು ಯಾವಾಗಲೂ ಹಿಂತಿರುಗಿ ಬಂದ ಮೇಲೆ.

ಸರ್ವಿಸ್ ಮೋಟಾರು ಬಿಣಗಾ ಘಟ್ಟವನ್ನೂ ಅರಗಾ ಘಟ್ಟವನ್ನೂ ನರಳುತ್ತ ದಾಟಿ, ಹಾರವಾಡದ ಒಣಮೀನಿನ ಗಾಳಿಯನ್ನು ನಮಗೆಲ್ಲ ಸಮನಾಗಿ ಹಂಚಿ, ಹಟ್ಟಿಕೇರಿಯಲ್ಲಿ ಇಳಿಸಿತು. ಭಟ್ಟಿಯ ಎದುರು ಮಡಲಿನ ಚಪ್ಪರ. ಅದರಲ್ಲಿ ದೇವರ ಪಟ, ಹೂವು, ಎಣ್ಣೆ ತುಂಬಿದ ದೀಪ. ಬೀರಣ್ಣ ಸುಕ್ರುವಿಗೂ ಅವನ ಜೊತೆಯವರಿಗೂ ಕಟ್ಟಪ್ಪಣೆ ಮಾಡಿದ: “ಗಡಿಯಾರ ನೋಡೂದು ಬ್ಯಾಡ. ಭಜನಿ ನಡೂವಷ್ಟು ಹೊತ್ತೂ ಬೆಂಕಿ ನಡೀಬೇಕು. ಪಹರೆ ಬದಲಾದಾಗ ನೀವೂ ಬದಲಾಗ್ಬೇಕು. ಮಂಗಳ ಕೇಳ್ತೋ, ಆರು ಬಾಯಿನೂ ಮಣ್ಣು ಮೆತ್ತಿ ಮುಚ್ಚಿಬಿಡ್ಬೇಕು.” ಬೆಂಕಿಯ ಬಣ್ಣ ನೋಡಿ, ಸಮಯ ಬಂದಾಗ ಪಾಂಡು ಮಾಮನವರಿಗೆ ಕಣ್ಸನ್ನೆ ಮಾಡುವುದು ಅವನ ಯೋಜನೆ. ಯೋಜನೆಯಲ್ಲಿ ದೋಷವಿರಲಿಲ್ಲ. ನಾನು ಅದರಲ್ಲಿ ಇದ್ದೆ, ಅಷ್ಟೇ.

ಭಜನೆ ಆರಂಭವಾಯಿತು. ಏನು ಹೇಳಲಿ? ಸಾವಧಾನವಾದ ಲಯ, ಅದಕ್ಕೆ ತಕ್ಕಂತೆ ಸಾವಧಾನವಾದ ಕೈ. ಮಂಡಳಿಯವರು ಚರಣವನ್ನು ಎತ್ತಿಕೊಂಡರೆ ಆಳುಗಳು ಕಟ್ಟಿಗೆಯನ್ನು ಎತ್ತಿಕೊಳ್ಳುವರು. ಮಂಡಳಿ ಪಲ್ಲವಿಗೆ ಮರಳಿದರೆ ಇವರೂ ದನಿಗೂಡಿಸಿ ಒಂದು ಹೆಜ್ಜೆ ಹಿಂದೆ ಸರಿಯುವರು. ಕೊಂಕಣಿ ಬಾರದ ಸುಕ್ರು ಕೊಂಕಣಿಯಲ್ಲಿ ಹಾಡುತ್ತಿದ್ದ! ಯಾರೂ ತೂಕಡಿಸಲಿಲ್ಲ. ಯಾರೂ ಅವಸರಿಸಲಿಲ್ಲ. ಬೆಂಕಿ ಹಸುವಿನಂತೆ ಸೌಮ್ಯವಾಗಿ ಮೇಯುತ್ತಿತ್ತು. ಆ ದಿನವೂ ಮರುದಿನವೂ ಹಾಗೆಯೇ ಕಳೆದವು. ಸುತ್ತಲಿನ ಕೇರಿಗಳ ಹೆಂಗಸರು ಗದ್ದೆಯ ಕೆಲಸ ಮುಗಿಸಿ ಬಂದು ಕೂತು ಕೈಮುಗಿದು ಹೋದರು. ಬೀರಣ್ಣನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗೆ ಕಂಡಿತು.

ಅದರ ಮಾರನೆಯ ಬೆಳಗ್ಗೆ ನನ್ನ ಪಹರೆ. ಬೆಳ್ಳಿ ಮೂಡುವ ಹೊತ್ತಿಗೆ ಪಾಂಡು ಮಾಮನವರು ನುಡಿಯುತ್ತಿದ್ದ ತಾಳವನ್ನು ನನ್ನ ಕೈಗೆ ಕೊಟ್ಟು, ಮಂಡಳಿಯವರೊಡನೆ ಸ್ನಾನಕ್ಕೆ ಹಳ್ಳಕ್ಕೆ ಇಳಿದರು. ಬೀರಣ್ಣ ಕಟ್ಟಿಗೆಯ ಗಾಡಿಯನ್ನು ಎದುರುಗೊಳ್ಳಲು ರಸ್ತೆಗೆ ಹೋಗಿದ್ದ. ನಾನು, ನನ್ನೊಡನೆ ಊರಿನ ಇಬ್ಬರು ವೃದ್ಧರು, ಎದುರಿಗೆ ಅಗ್ನಿ. ಮನಸ್ಸು ತುಂಬಿತು. ಬಲ್ಲ ಸ್ತೋತ್ರಗಳನ್ನೆಲ್ಲ ಹಾಡಿದೆ. ಪೂರ್ವದಲ್ಲಿ ಸೂರ್ಯನಾರಾಯಣನು ಉದಯಿಸಿದ. ಉದಯವಾಯಿತೆಂದರೆ ನನ್ನ ಪ್ರಾತಃಸೇವೆಗೆ ಮುಕ್ತಾಯ. ಮೀಸೆ ಮೂಡಿದ ದಿನದಿಂದ ನಡೆದು ಬಂದ ಕ್ರಮ. ನಾಲಗೆ ಮನಸ್ಸನ್ನು ಕೇಳಲಿಲ್ಲ. ಕಣ್ಣು ಮುಚ್ಚಿ, ಎದೆ ತುಂಬಿ, ಒಂದು ಚರಣವನ್ನೂ ಬಿಡದೆ, ಮಂಗಳ ಹಾಡಿದೆ. ಕರ್ಪೂರವನ್ನೂ ಬೆಳಗಿದೆ.

ಕಣ್ಣು ತೆರೆದಾಗ ಸುಕ್ರು ಮತ್ತು ಅವನ ಜೊತೆಯವರು ಕೈಮುಗಿದು ಆರತಿ ತೆಗೆದುಕೊಳ್ಳಲು ನಿಂತಿದ್ದರು. ಕೈಗಳೆಲ್ಲ ಹಸಿಮಣ್ಣು.

“ಏನಪ್ಪಾ ಈ ಮಣ್ಣು?”

“ಮಂಗಳ ಆಯ್ತಲ್ಲ ಒಡ್ಯಾ,” ಎಂದ ಸುಕ್ರು ಪ್ರಸನ್ನನಾಗಿ. “ಆರೂ ಬಾಯಿ ಮುಚ್ಚೇ ಬಂದ್ವಿ. ಪ್ರಸಾದ ಎಂತದು?”

ನನ್ನ ಎಡಗೈಯಲ್ಲಿದ್ದ ತಾಳ ನೆಲ ಮುಟ್ಟಿತು.

ಬೀರಣ್ಣ ಓಡಿ ಬಂದ. ಸಾಯಂಕಾಲದವರೆಗೂ ಉರಿಯಬೇಕೆಂದು ಅವನು ಎಣಿಸಿದ್ದ ಬೆಂಕಿ ಮಣ್ಣಿನ ಹಿಂದೆ ಅಡಗಿತ್ತು. “ಯಾರು? ಯಾರು ಹೇಳ್ದವ್ರು ಮಂಗಳ?” ಎಂದು ಗರ್ಜಿಸಿದ. ಸುಕ್ರು ಆರತಿಯ ತಟ್ಟೆಯ ಕಡೆ ನೋಡಿದ. ತಟ್ಟೆ ನನ್ನ ಕೈಯಲ್ಲಿತ್ತು.

ಗುರುವಿನ ಮೇಲೆ ಕೂಗಲಾರದೆ ಶಿಷ್ಯನು ಹಾರೆಯನ್ನು ಎತ್ತಿಕೊಂಡ. ಬಾಯಿಯ ಮಣ್ಣನ್ನು ಒಡೆಯಲು ಹೋದ. ಸುಕ್ರು ಅಡ್ಡ ನಿಂತ. “ಬ್ಯಾಡ ಬೀರಣ್ಣ! ಮಂಗಳ ಆದ್ಮೇಲೆ ಮತ್ತೆ ಶುರು ಮಾಡೂದಾ? ಹೆಣ ಸುಟ್ಟು ಬಂದು ಮತ್ತೆ ಎಬ್ಬಿಸ್ದಂಗೆ!” ಉಪಮೆ ಸರಿಯಾಗಿರಲಿಲ್ಲ, ಸಂದರ್ಭಕ್ಕಂತೂ ಒಪ್ಪುವಂತಿರಲಿಲ್ಲ. ಆದರೂ ಹಾರೆ ನಿಂತಿತು. ಕಾದ ಭಟ್ಟಿಗೆ ತಣ್ಣನೆಯ ಗಾಳಿ ನುಗ್ಗಿದರೆ ಹಂಚು ಸೀಳುತ್ತದೆ ಎಂಬುದು ಬೀರಣ್ಣನಿಗೆ ಕಾರಖಾನೆಯಲ್ಲಿಯೇ ತಿಳಿದಿತ್ತು. ತೆರೆದರೆ ಸೀಳು. ಬಿಟ್ಟರೆ ಹಸಿ. ಯಾವುದನ್ನು ಆರಿಸಿಕೊಳ್ಳುವುದು?

ಒದ್ದೆ ಪಂಚೆಯಲ್ಲಿ ಪಾಂಡು ಮಾಮನವರು ಬಂದರು. ವಿಷಯ ತಿಳಿಯಿತು. ನನ್ನ ಮೇಲೆ ಸಿಡಿಲು ಬೀಳುವುದೆಂದು ತಲೆ ತಗ್ಗಿಸಿದೆ. ಅವರು ನೆಲದ ಮೇಲಿದ್ದ ತಾಳವನ್ನು ಎತ್ತಿ, ಕಣ್ಣಿಗೆ ಒತ್ತಿಕೊಂಡು, ಇಷ್ಟೇ ಹೇಳಿದರು: “ಮಂಗಳ ಯಾರು ಹಾಡಿದರೂ ಮಂಗಳವೇ. ಬಿಡು ಬೀರಣ್ಣ. ಬಾಯಿ ತೆಗೀಬೇಡ.”

ಬೀರಣ್ಣ ಹಾರೆಯನ್ನು ಕೆಳಗಿಟ್ಟು ಅದರ ಪಕ್ಕದಲ್ಲಿಯೇ ಕುಳಿತುಬಿಟ್ಟ. ದೇವಮ್ಮ ನಮಗೆಲ್ಲ ಅವಲಕ್ಕಿ ಬಡಿಸಿದಳು. ನನ್ನ ಎಲೆಗೂ ಬಡಿಸಿದಳು. ಅದೇ ನನಗೆ ದೊಡ್ಡ ಶಿಕ್ಷೆಯಾಯಿತು.

ಭಟ್ಟಿ ಆರುವವರೆಗೆ ಕಾಯುವುದಲ್ಲದೆ ಬೇರೆ ದಾರಿ ಇರಲಿಲ್ಲ. ನಾನು ಕಾರವಾರಕ್ಕೆ ಮರಳಿದೆ. ಸುದ್ದಿ ನನಗಿಂತ ಮುಂಚಿನ ಮೋಟಾರಿನಲ್ಲಿ ಬಂದಿತ್ತು. ಅಂದಿನಿಂದಲೇ ಈ “ಮಂಗಳ ಆಯ್ತೋ?” ಆರಂಭವಾದದ್ದು. ದೇವರ ಮುಂದೆ ಕುಳಿತರೆ ಮಂತ್ರದ ಬದಲು ಜಗಲಿಯ ಮೇಲಿನ ಆ ಗಂಟು ಕಣ್ಣಿಗೆ ಬರುತ್ತಿತ್ತು. ಒಬ್ಬ ಮುದುಕನ ಅಭ್ಯಾಸಕ್ಕಾಗಿ ಒಂದು ಸಂಸಾರ ಊರು ಬಿಡಬೇಕೆ? ಬಂದರಿನಲ್ಲಿ ಆಗಬೋಟಿನ ಸಿಳ್ಳು ಕೇಳಿದಾಗಲೆಲ್ಲ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಆಗಬೋಟು ಹೊರಡುವ ಹಿಂದಿನ ದಿನ ಭಟ್ಟಿ ತೆರೆಯುವುದೆಂದು ಗೊತ್ತಾಯಿತು. ಹೋಗದಿರಲು ಮನಸ್ಸಾಗಲಿಲ್ಲ, ಹೋಗಲು ಮುಖವಿರಲಿಲ್ಲ. ಪಾಂಡು ಮಾಮನವರೇ ಬಂದು ಮೋಟಾರು ಹತ್ತಿಸಿದರು. ಅವರ ಜೋಳಿಗೆಯಲ್ಲಿ ತಾಳವಿತ್ತು. “ಇದೇಕೆ?” ಎಂದೆ. “ಛತ್ರಿ ಏಕೆ ಎಂದು ಮಳೆಗಾಲದಲ್ಲಿ ಕೇಳ್ತಾರೆಯೇ?” ಎಂದರು.

ಬೀರಣ್ಣ ನಮ್ಮನ್ನು ಕಂಡು ಕೈಮುಗಿದ. ಸುಕ್ರು ಮಣ್ಣು ಬಿಡಿಸಿ ಮೇಲಿನ ಸಾಲಿನಿಂದ ಒಂದು ಹಂಚನ್ನು ತೆಗೆದುಕೊಟ್ಟ. ಬೆಂದ ಹಂಚನ್ನು ಕಣ್ಣಿನಿಂದ ನೋಡುವುದಕ್ಕಿಂತ ಕಿವಿಯಿಂದ ನೋಡಬೇಕಂತೆ. ಬೀರಣ್ಣ ಅದನ್ನು ಕಿವಿಯ ಬಳಿ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟಿದ.

ಠಪ್.

ಇನ್ನೊಂದು. ಅದೂ ಠಪ್. ಮೇಲಿನ ಸಾಲುಗಳೆಲ್ಲ ಮಾಸಲು ಬಣ್ಣ, ಮಂಕು ಧ್ವನಿ. ದೇವಮ್ಮ ಜಗಲಿಯ ಕಡೆ ಒಮ್ಮೆ ತಿರುಗಿ ನೋಡಿದಳು. ನಾನು ಭೂಮಿಯನ್ನು ನೋಡಿದೆ. ಅದು ಬಾಯಿ ಬಿಡುವ ಲಕ್ಷಣ ಕಾಣಲಿಲ್ಲ.

ಸುಕ್ರು ಇನ್ನೂ ಒಳಗೆ ಕೈ ಹಾಕಿದ. ಈ ಸಲದ ಹಂಚು ದಾಸವಾಳದಷ್ಟು ಕೆಂಪು. ಬೀರಣ್ಣ ತಟ್ಟಿದ.

ಠಣ್!

ಮತ್ತೊಂದು. ಠಣ್! ಮತ್ತೊಂದು, ಮತ್ತೊಂದು. ಒಳಗಿನ ಸಾಲುಗಳು ಒಂದೊಂದಾಗಿ ಹೊರಬಂದು ಗಂಟೆಯಂತೆ ನುಡಿಯತೊಡಗಿದವು. ಪಾಂಡು ಮಾಮನವರು ಜೋಳಿಗೆಯಿಂದ ತಾಳ ತೆಗೆದು ಹಂಚಿನ ಧ್ವನಿಗೆ ಹೊಂದಿಸಿ ನೋಡಿದರು. “ಬರೇಂ! ಬರೇಂ! ಒಳ್ಳೇದಾಯ್ತು ಪಂಡಿತರೇ, ಕೇಳಿ, ಶ್ರುತಿ ಸೇರ್ತದೆ!” ಎಂದು ಮಗುವಿನಂತೆ ಕುಣಿದರು.

ಕಟ್ಟಕಡೆಯ, ಬೆಂಕಿಗೆ ಹತ್ತಿರದ ಸಾಲಿನ ಹಂಚನ್ನು ಹೊರತೆಗೆದಾಗ ಬೀರಣ್ಣ ಬಹಳ ಹೊತ್ತು ಅದರ ಅಂಚಿನ ಮೇಲೆ ಬೆರಳಾಡಿಸಿದ. ಅಂಚು ಆಗತಾನೇ ಸೊಟ್ಟಗಾಗಲು ತೊಡಗಿತ್ತು, ತೊಡಗಿ, ನಿಂತಿತ್ತು.

“ಮಾಸ್ತರ್ರೇ,” ಎಂದ ಮೆಲ್ಲಗೆ, “ಸಂಜೀತನ್ಕ ನಾ ಬೆಂಕಿ ನಡೆಸಿದ್ರೆ ಇವೆಲ್ಲ ಹೋದ ಸಲದಂಗೇ ಹಪ್ಪಳ ಆಗ್ತಿತ್ತು. ಹಸಿ ಉಳೀತದೆ ಅಂತ ನಂಗೆ ಅಷ್ಟು ಹೆದ್ರಿಕೆ ಇತ್ತು. ನಾ ಅಂತೂ ನಿಲ್ಲಿಸ್ತಿದ್ದವ್ನಲ್ಲ.”

ಇದನ್ನು ದೈವಕೃಪೆ ಎನ್ನಲೇ, ಅಭ್ಯಾಸಬಲ ಎನ್ನಲೇ? ನಾನು ದೈವಕೃಪೆ ಎನ್ನುತ್ತೇನೆ. ಪಾಂಡು ಮಾಮನವರು ಮಂಡಳಿಯ ಕಂಠ ಎನ್ನುತ್ತಾರೆ. ಸುಕ್ರು ಮಾತ್ರ, ತಾನು ಮಣ್ಣು ಮೆತ್ತಿದ ರೀತಿಯೇ ಹಾಗೆ ಎನ್ನುತ್ತಾನೆ. ಮೂವರೂ ವಾದಿಸುತ್ತಿದ್ದಾಗ ದೇವಮ್ಮ ಜಗಲಿಗೆ ಹೋಗಿ ಗಂಟು ಬಿಚ್ಚಿದಳು. ಹೊಸ ಪಂಚೆಯೊಂದನ್ನು ಅದರಿಂದ ತೆಗೆದು ತಂದು ಗಂಡನ ಕೈಗಿಟ್ಟು, “ಮುಂಬಯಿಗೆ ಅಂತ ತಂದಿದ್ದು. ಮಾಸ್ತರ್ರಿಗೆ ಕೊಡಿ,” ಎಂದಳು. ನಾನು ಬೇಡವೆಂದೆ. “ತಕಣಿ ಮಾಸ್ತರ್ರೇ. ಇಲ್ಲದಿದ್ರೆ ಮತ್ತೆ ಗಂಟು ಕಟ್ತೆ!” ಎಂದು ಹೆದರಿಸಿದಳು. ತೆಗೆದುಕೊಂಡೆ.

ಉದ್ಯಮ ಕಟ್ಟುವವರು ಈಚೆಗೆ ಉತ್ಸಾಹ, ಉತ್ಸಾಹ ಎಂದು ಜಪಿಸುವುದನ್ನು ಕೇಳುತ್ತೇನೆ. ಉತ್ಸಾಹ ಬೇಡವೆನ್ನಲು ನಾನು ಯಾರು? ಆದರೆ ಕೀಲಿ ಕೊಟ್ಟರೆ ಕೂಗುವ ಯಂತ್ರಕ್ಕೆ ಎದುರಿಗಿರುವ ಬೆಂಕಿ ಕಾಣುವುದಿಲ್ಲ. ಮನುಷ್ಯರು ಕೂಡಿ ಕುಳಿತು, ಒಬ್ಬರು ದಣಿದಾಗ ಇನ್ನೊಬ್ಬರು ತಾಳ ತೆಗೆದುಕೊಂಡು ಹಾಡುವ ಹಾಡಿನಲ್ಲಿ ಉತ್ಸಾಹವೂ ಇದೆ, ವಿಶ್ರಾಂತಿಯೂ ಇದೆ. ಎಲ್ಲಿ ನಿಲ್ಲಬೇಕೆಂಬ ಮರ್ಯಾದೆಯೂ ಇದೆ. ನಮ್ಮ ಹಿರಿಯರು ಹಾಡಿಗೆ ಪಲ್ಲವಿಯನ್ನು ಮಾತ್ರ ಕೊಟ್ಟು ಸುಮ್ಮನಾಗಲಿಲ್ಲವಲ್ಲ.

ಆಗಬೋಟು ಬೀರಣ್ಣನನ್ನು ಬಿಟ್ಟು ಹೋಯಿತು. ನುಡಿದ ಹಂಚುಗಳನ್ನು ಮೊದಲು ಅವನದೇ ಮನೆಗೆ ಹೊದಿಸಲಾಗಿದೆ. ನುಡಿಯದವನ್ನು ದೇವಮ್ಮ ಬಸಳೆಯ ಬುಡಕ್ಕೆ ಸಾಲಾಗಿ ನಿಲ್ಲಿಸಿದ್ದಾಳೆ. ಮಳೆ ಮುಗಿದೊಡನೆ ಮತ್ತೆ ಭಟ್ಟಿ. ಮಂಡಳಿಗೆ ಈಗಲೇ ಆಮಂತ್ರಣ ಬಂದಿದೆ. ನನಗೆ ಪ್ರತ್ಯೇಕವಾಗಿ, ಸುಕ್ರುವಿನ ಬಾಯಿಯಲ್ಲಿ. “ಪಹರೆ ಗಿಹರೆ ಬ್ಯಾಡ ಒಡ್ಯಾ. ನೀವು ಮಂಗಳಕ್ಕೆ ಮಾತ್ರ ಬನ್ನಿ. ಅಲ್ಲಿತನ್ಕ ಬಾಯಲ್ಲಿ ಎಲೆ ಅಡಕೆ ಹಾಕ್ಕಂಡು ಕೂತ್ರೆ ಸಾಕು.”

ಆದ್ದರಿಂದ ಪೇಟೆಯವರು ಕೇಳಿದರೆ ನನಗೆ ಈಗ ಸಂಕೋಚವಿಲ್ಲ. ನನ್ನ ಹೊಸ ಪಂಚೆಯನ್ನು ಉಟ್ಟು ತಲೆ ಎತ್ತಿ ನಡೆಯುತ್ತೇನೆ. ಮನೆಯಲ್ಲಿ ಮಾತ್ರ ಪರಿಸ್ಥಿತಿ ಇನ್ನೂ ಸುಧಾರಿಸಿಲ್ಲ. ನಿನ್ನೆ ಬೆಳಗ್ಗೆ ಸೂರ್ಯೋದಯಕ್ಕೆ ಸರಿಯಾಗಿ, ಕ್ರಮ ತಪ್ಪದೆ, ದೇವರ ಮುಂದೆ ಮಂಗಳ ಹಾಡಿ ಕಣ್ಣು ತೆರೆಯುತ್ತಿದ್ದೆ. ಅಡಿಗೆಮನೆಯಿಂದ ನಮ್ಮ ಮನೆಯವರ ಧ್ವನಿ ಬಂತು:

“ಗಂಜಿ ಇನ್ನೂ ಬೆಂದಿಲ್ಲ. ಒಲೆ ಆರಿಸಲೋ, ಇರಲೋ?”